ಏಳನೇ ನಂಬರಿನ ಅಭಿಪ್ರಾಯ

ನಮ್ಮ ದೊಡ್ಡಪ್ಪ ಮೇಷ್ಟ್ರ ಕೆಲಸದಿಂದ ನಿವೃತ್ತರಾದ ಮೇಲೆ ರಾಜಾಜಿನಗರದ ಮನೆಯ ಮುಂದಿನ ಕೋಣೆಯಲ್ಲಿ ಒಂದು ಸರ್ಕ್ಯುಲೇಟಿಂಗ್ ಲೈಬ್ರರಿ ಇಟ್ಟರು. ಬೀದಿಗೆ ಬಾಗಿಲಿದ್ದ ಕೋಣೆ ಅದು. ಮೊದಲು ಅಲ್ಲಿ ಅಜ್ಜಿ ಮಲಗುತ್ತಿದ್ದಳು. ಅವಳನ್ನು ನಡುಮನೆಗೆ ಸಾಗಿಸಿ, ಅವಳ ಮಂಚವಿದ್ದ ಕಡೆ ಮರದ ಬೀರುಗಳನ್ನು ನಿಲ್ಲಿಸಿದರು. "ನನ್ನನ್ನ ಎಬ್ಬಿಸಿ ಸುಳ್ಳು ಕಥೆಗಳಿಗೆ ಜಾಗ ಮಾಡಿಕೊಟ್ಟ ನೋಡಿ" ಎಂದು ಅಜ್ಜಿ ಬಂದವರ ಹತ್ತಿರವೆಲ್ಲ ದೂರು ಹೇಳುತ್ತಿದ್ದಳು. ಮಧ್ಯಾಹ್ನ ಊಟವಾದ ಮೇಲೆ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಆ ಸುಳ್ಳು ಕಥೆಗಳನ್ನೇ ಓದಿಸಿ ಕೇಳುತ್ತಿದ್ದಳು.

ನಾನು ಚಿಕ್ಕವನಿದ್ದಾಗಲೇ ಅಪ್ಪ ತೀರಿಕೊಂಡಿದ್ದರು. ಅಮ್ಮ, ನಾನು ಇಬ್ಬರೂ ದೊಡ್ಡಪ್ಪನ ಮನೆಯಲ್ಲೇ ಇದ್ದೆವು. ನನಗೆ ಅಕ್ಷರ ಕಲಿಸಿದವರು ದೊಡ್ಡಪ್ಪ. ಮಾತು ಮಾತ್ರ ಅಜ್ಜಿಯಿಂದಲೇ ಬಂದದ್ದು. ಅಜ್ಜಿ ಯಾರದಾದರೂ ಸುದ್ದಿ ತೆಗೆದರೆ ಅವರ ನಡಿಗೆ, ಕೆಮ್ಮು, ಮೂಗು ಒರೆಸಿಕೊಳ್ಳುವ ರೀತಿ ಎಲ್ಲ ಕಣ್ಣಮುಂದೆ ಬರುತ್ತಿತ್ತು. ಕೂತವರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಅವಳ ಪಕ್ಕ ಕೂತು ಕೂತು ನನಗೂ ಅದೇ ಹತ್ತಿತು. ಮನೆಗೆ ಯಾರು ಬಂದರೂ "ಎಲ್ಲಿ ನಿಮ್ಮ ಹುಡುಗ, ಕರೀರಿ, ಸ್ವಲ್ಪ ನಗೋಣ" ಎನ್ನುವುದು ರೂಢಿಯಾಯಿತು. ಇನ್ನೊಬ್ಬರ ಮನೆಯಲ್ಲಿ ಅನ್ನ ತಿಂದು ಬೆಳೆಯುವ ಹುಡುಗನಿಗೆ ಆ ಕರೆ ಎಷ್ಟು ಸಮಾಧಾನ ಕೊಡುತ್ತಿತ್ತು ಎಂಬುದನ್ನು ಹೇಳಿದರೆ ಈಗಿನವರಿಗೆ ಅರ್ಥವಾಗುವುದು ಕಷ್ಟ.

ಲೈಬ್ರರಿಗೆ ಬರುವ ಹೊಸ ಪುಸ್ತಕಗಳನ್ನು ದೊಡ್ಡಪ್ಪ ಹಾಗೇ ಕೊಡುತ್ತಿರಲಿಲ್ಲ. ರಟ್ಟು ಹಾಕಿ, ದಾರದಲ್ಲಿ ಹೊಲಿದು, ಕಂದು ಕಾಗದ ಸುತ್ತಿ, ಬೆನ್ನಿನ ಮೇಲೆ ನಂಬರು ಬರೆಯಬೇಕು. ಈ ಕೆಲಸ ನನ್ನದು. ಅಂಟು ಕಾಯಿಸುವುದರಿಂದ ಹಿಡಿದು ನಂಬರು ಬರೆಯುವವರೆಗೆ ಎಲ್ಲ ಮಾಡುತ್ತಿದ್ದೆ. ಮೊದಲ ವರ್ಷವೇ ಒಂದು ತೊಂದರೆ ಶುರುವಾಯಿತು. ಓದುಗರು ಪುಸ್ತಕದ ತುಂಬ ಗೀಚಿ ತರುತ್ತಿದ್ದರು. ಅಂಚಿನಲ್ಲಿ "ಇವಳಿಗೆ ಹೀಗೇ ಆಗಬೇಕು" ಎಂದು ಒಬ್ಬರು ಬರೆದರೆ, ಪತ್ತೇದಾರಿ ಕಾದಂಬರಿಯ ಎರಡನೇ ಪುಟದಲ್ಲೇ "ಕೊಲೆ ಮಾಡಿದ್ದು ಚಿಕ್ಕಪ್ಪ" ಎಂದು ಇನ್ನೊಬ್ಬರು ಬರೆದಿಡುತ್ತಿದ್ದರು. ದೊಡ್ಡಪ್ಪ ಸುಮ್ಮನೆ ಬಯ್ಯುವ ಜಾತಿಯಲ್ಲ. ಯೋಚನೆ ಮಾಡಿ ಒಂದು ದಾರಿ ಹುಡುಕಿದರು. ಬೈಂಡು ಮಾಡುವಾಗ ಪ್ರತಿ ಪುಸ್ತಕದ ಕೊನೆಗೆ ನಾಲ್ಕು ಬಿಳಿ ಹಾಳೆ ಸೇರಿಸಿ ಹೊಲಿಯಲು ನನಗೆ ಹೇಳಿದರು. ಮೇಲೆ "ಓದುಗರ ಅಭಿಪ್ರಾಯ" ಎಂದು ಬರೆಸಿದರು. ಹೇಳುವುದಿದ್ದರೆ ಅಲ್ಲಿ ಹೇಳಿ, ಪುಸ್ತಕದ ಒಳಗೆ ಕೈ ಹಾಕಬೇಡಿ ಎಂದು.

ಇದಕ್ಕೆ ಒಂದೇ ಒಂದು ನಿಯಮ. ಬರೆದವರು ಕೆಳಗೆ ತಮ್ಮ ಸದಸ್ಯ ನಂಬರು ಹಾಕಬೇಕು. ನಂಬರಿಲ್ಲದ ಮಾತನ್ನು ದೊಡ್ಡಪ್ಪ ರಬ್ಬರು ತೆಗೆದುಕೊಂಡು ಉಜ್ಜಿಬಿಡುತ್ತಿದ್ದರು. ನಂಬರು ಹಾಕಿದ್ದನ್ನು, ಅದು ಎಷ್ಟೇ ಒರಟಾಗಿರಲಿ, ಮುಟ್ಟುತ್ತಿರಲಿಲ್ಲ. "ಹೇಳೋನಿಗೆ ಹೇಳಿದ್ದು ನಾನೇ ಅನ್ನೋ ಧೈರ್ಯ ಇರಬೇಕು" ಎನ್ನುತ್ತಿದ್ದರು. ಬಂದು ಹೋಗುವವರೆಲ್ಲ ಸುತ್ತಮುತ್ತಲಿನ ನಾಲ್ಕು ಕ್ರಾಸಿನ ಜನ. ಯಾರ ನಂಬರು ಯಾವುದು ಎಂದು ಎಲ್ಲರಿಗೂ ಬಾಯಿಪಾಠ. ನಲವತ್ತೆರಡು ಎಂದರೆ ಮಿಲ್ಲಿನ ಗುಮಾಸ್ತರು. ಹದಿಮೂರು ಎಂದರೆ ಎದುರು ಮನೆಯ ಪೋಸ್ಟ್ ಮಾಸ್ಟರರ ಹೆಂಡತಿ. ಏಳು ಎಂದರೆ ನಾನು.

ಏಳನೇ ನಂಬರಿಗೆ ಆಗ ಒಂದು ಹೆಸರಿತ್ತು ಎಂದರೆ ಜಂಬವಲ್ಲ. ಪುಸ್ತಕ ತೆಗೆದುಕೊಳ್ಳಲು ಬಂದವರು ಮೊದಲು ಹಿಂದಿನ ಹಾಳೆ ತಿರುವಿ ನಾನು ಏನು ಬರೆದಿದ್ದೇನೆ ಎಂದು ನೋಡುತ್ತಿದ್ದರು. "ನಾಯಕ ಎಪ್ಪತ್ತನೇ ಪುಟದಲ್ಲಿ ಕಾಫಿಗೆ ನೀರಿಟ್ಟವನು ನೂರಾ ಹತ್ತರಲ್ಲಿ ಕುಡಿಯುತ್ತಾನೆ. ಸೌದೆ ಹಸಿ ಇರಬೇಕು" ಎಂಬಂಥ ಮಾತು. ಅದನ್ನು ಗಟ್ಟಿಯಾಗಿ ಓದಿ ನಗುತ್ತಿದ್ದರು. ದೊಡ್ಡಪ್ಪ ಮುಖ ಬಿಗಿ ಮಾಡಿಕೊಂಡು ಕೂತಿದ್ದರೂ ಮೀಸೆಯ ಕೆಳಗೆ ನಗು ಕಾಣುತ್ತಿತ್ತು.

ನಾನು ಬಿ.ಎ. ಕೊನೆಯ ವರ್ಷದಲ್ಲಿದ್ದಾಗ ಒಂದು ಕಟ್ಟಿನಲ್ಲಿ ಆ ತೆಳ್ಳನೆಯ ಕಾದಂಬರಿ ಬಂತು. ಲೇಖಕರ ಹೆಸರನ್ನು ನಾವು ಯಾರೂ ಕೇಳಿರಲಿಲ್ಲ, ಆಮೇಲೂ ಕೇಳಲಿಲ್ಲ. ಪಿಯುಸಿ ಓದುವ ಇಬ್ಬರು ಹುಡುಗರು. ಒಂದೇ ಬೆಂಚು, ಒಂದೇ ಓಣಿ. ಸಂಜೆ ಕೆರೆ ಏರಿಯ ಮೇಲೆ ಕೂತು ಓದಿಕೊಳ್ಳುತ್ತಾರೆ. ಓದುತ್ತ ಓದುತ್ತ ಒಬ್ಬರನ್ನೊಬ್ಬರು ಬಿಟ್ಟಿರಲಾರದಷ್ಟು ಹಚ್ಚಿಕೊಳ್ಳುತ್ತಾರೆ. ಕೊನೆಗೆ ಮನೆಯವರಿಗೆ ಅನುಮಾನ ಬಂದು ಒಬ್ಬನನ್ನು ದೂರದ ನೆಂಟರ ಊರಿಗೆ ಕಳಿಸುತ್ತಾರೆ. ಇನ್ನೊಬ್ಬ ಅದೇ ಏರಿಯ ಮೇಲೆ ಒಬ್ಬನೇ ಕೂರುತ್ತಾನೆ. ಅಷ್ಟೆ. ಪ್ರೀತಿ ಎನ್ನುವ ಮಾತು ಇಡೀ ಪುಸ್ತಕದಲ್ಲಿ ಒಂದೇ ಕಡೆ ಬರುತ್ತದೆ. ಅದೂ ಒಬ್ಬ ನೋಟ್‌ಬುಕ್ಕಿನಲ್ಲಿ ಬರೆದು ಹೊಡೆದುಹಾಕಿದ ಮಾತಾಗಿ.

ಒಂದೂವರೆ ತಿಂಗಳಲ್ಲಿ ಅದರ ಹಿಂದಿನ ಹಾಳೆ ಎರಡು ಪುಟ ತುಂಬಿತು. ನಲವತ್ತೆರಡನೇ ನಂಬರಿನವರು ಬರೆದಿದ್ದರು: "ಹುಡುಗಿ ಈಗ ಬರುತ್ತಾಳೆ, ಆಗ ಬರುತ್ತಾಳೆ ಎಂದು ಕೊನೆಯ ಪುಟದವರೆಗೂ ಕಾದೆ. ಬರಲೇ ಇಲ್ಲ. ಬೋರು." ಅದರ ಕೆಳಗೆ ಟೈಲರ್ ಅಂಗಡಿಯವರು: "ಲೇಖಕರಿಗೆ ಮದುವೆಯಾಗಿದೆಯೇ? ಇಲ್ಲದಿದ್ದರೆ ಬೇಗ ಮಾಡಿ." ಒಬ್ಬ ಮೇಷ್ಟ್ರು ಕಥೆಯ ವಿಷಯ ಎತ್ತದೆ ಅಚ್ಚಿನ ತಪ್ಪುಗಳನ್ನಷ್ಟೇ ಪುಟದ ಸಂಖ್ಯೆ ಸಮೇತ ಪಟ್ಟಿ ಮಾಡಿದ್ದರು. ಇನ್ನೊಬ್ಬರು ಬರೀ "ಥೂ" ಎಂದು ಬರೆದು ನಂಬರು ಹಾಕಿದ್ದರು. ಎದುರು ಮನೆಯಾಕೆ ದುಂಡಗೆ ಬರೆದಿದ್ದರು: "ಇಂಥ ಸ್ನೇಹ ಈ ಕಾಲದಲ್ಲಿ ಎಲ್ಲಿದೆ? ಓದಿ ಕಣ್ಣಲ್ಲಿ ನೀರು ಬಂತು. ನಮ್ಮ ಮಕ್ಕಳಿಗೂ ಓದಿಸಬೇಕು." ಅದಕ್ಕೆ ಬಾಣ ಹಾಕಿ ಇನ್ನೊಂದು ನಂಬರಿನವರು "ಓದಿಸಿ, ಆಮೇಲೆ ಗೊತ್ತಾಗುತ್ತೆ" ಎಂದಿದ್ದರು.

ನಾನು ಅದನ್ನು ಓದಿರಲಿಲ್ಲ. ಬೈಂಡು ಮಾಡಿದ್ದೆ, ಅಷ್ಟೆ.

ಹಿಂದಿನ ಕ್ರಾಸಿನ ಬಾಡಿಗೆ ಮನೆಯಲ್ಲಿ ಒಬ್ಬ ಗೆಳೆಯನಿದ್ದ. ದಾವಣಗೆರೆ ಕಡೆಯವರು, ತಂದೆ ಸರ್ಕಾರಿ ಕಚೇರಿಯಲ್ಲಿ ಸೂಪರಿಂಟೆಂಡೆಂಟ್. ಹೈಸ್ಕೂಲಿನಿಂದ ನಾವು ಜೊತೆ. ಕಾಲೇಜು ಮುಗಿಸಿ ಬಂದು ಸಂಜೆ ಕಾರ್ಡ್ ರೋಡ್ ದಾಟಿ ನಡೆದು ಹೋಗುತ್ತಿದ್ದೆವು. ಬಸವೇಶ್ವರನಗರದ ಕಡೆ ಆಗಿನ್ನೂ ಸೈಟಿನ ಕಲ್ಲುಗಳನ್ನು ನೆಟ್ಟಿದ್ದರು. ಮೋರಿಗೆಂದು ತಂದು ಹಾಕಿದ ದೊಡ್ಡ ಸಿಮೆಂಟ್ ಪೈಪುಗಳ ಮೇಲೆ ಕೂತು ಹರಟೆ ಹೊಡೆಯುತ್ತಿದ್ದೆವು. ಹರಟೆ ನನ್ನದು, ಕೇಳುವುದು ಅವನದು. ಅವನು ನಗುವಾಗ ಸದ್ದು ಬರುತ್ತಿರಲಿಲ್ಲ, ಹೆಗಲು ಮಾತ್ರ ಕುಣಿಯುತ್ತಿತ್ತು. ಆ ಹೆಗಲು ಕುಣಿಸುವುದಕ್ಕೆ ನಾನು ಬೆಳಗಿನಿಂದ ಮಾತು ಕೂಡಿಸಿಟ್ಟುಕೊಳ್ಳುತ್ತಿದ್ದೆ.

ಒಂದು ಸಂಜೆ ಅವನು ಅಂಗಿಯೊಳಗಿಂದ ಆ ಕಾದಂಬರಿ ತೆಗೆದ.

"ಇದನ್ನ ಓದಿದ್ಯಾ?"

"ಇಲ್ಲ ಕಣೋ. ನಲವತ್ತೆರಡನೇ ನಂಬರು ಬೋರು ಅಂತ ಬರೆದಿದಾರಲ್ಲ."

"ಅವರು ಬರೆದಿದ್ದು ಬಿಡು. ನೀನು ಓದು."

ಯಾವ ನಂಬರಿನವರು ಯಾವತ್ತು ಒಯ್ದರೆಂದು ಬರೆಯುವ ತಾರೀಕಿನ ಚೀಟಿ ನೋಡಿದೆ. ಅವರ ಮನೆಯ ನಂಬರು ಮೂರು ಸಲ ಇತ್ತು. "ಇದೇನೋ, ಪರೀಕ್ಷೆಗೆ ಇಟ್ಟಿದಾರಾ?" ಎಂದೆ. ಅವನು ನಗಲಿಲ್ಲ.

"ಓದಿ, ಹಿಂದೆ ಬರಿ. ನಿನಗೆ ಏನನ್ಸುತ್ತೋ ಅದನ್ನ ಬರಿ."

"ಬರೆಯೋದೇನು, ಇಲ್ಲೇ ಹೇಳ್ತೀನಿ ಬಿಡು."

"ಬೇಡ. ಬಾಯಲ್ಲಿ ಹೇಳ್ಬೇಡ. ನೀನು ಬಾಯಿ ತೆಗೆದ್ರೆ ತಮಾಷೆನೇ ಬರೋದು. ಒಬ್ಬನೇ ಕೂತ್ಕೊಂಡು ಬರಿ. ನೀನು ಬರೆದಿದ್ದು ನೋಡ್ಕೊಂಡು ನಾನೂ ಬರೀತೀನಿ."

ಮಾರನೆಯ ಮಧ್ಯಾಹ್ನ ಅಜ್ಜಿ ಮಲಗಿದ ಮೇಲೆ ಓದಿದೆ. ಮೊದಲ ಐವತ್ತು ಪುಟದವರೆಗೆ ನನ್ನ ಅಭ್ಯಾಸದಂತೆ ಎಲ್ಲಿ ನಗೆಯಾಡಬಹುದು ಎಂದು ಹುಡುಕುತ್ತಲೇ ಇದ್ದೆ. ಆಮೇಲೆ ಒಂದು ಪುಟ ಬಂತು. ಮಳೆಯಲ್ಲಿ ನೆನೆದ ಗೆಳೆಯನ ಅಂಗಿಯನ್ನು ಆ ಹುಡುಗ ತನ್ನ ಮನೆಯ ತಂತಿಯ ಮೇಲೆ ಒಣಹಾಕುತ್ತಾನೆ. ಒಣಗಿದ ಮೇಲೂ ತೆಗೆಯುವುದಿಲ್ಲ. ಯಾರದೋ ಅದು ಎಂದು ತಾಯಿ ಕೇಳಿದರೆ ನನ್ನದೇ ಎನ್ನುತ್ತಾನೆ. ಆ ಪುಟದ ಮೇಲೆ ಕೈಯಿಟ್ಟುಕೊಂಡು ಸುಮಾರು ಹೊತ್ತು ಕೂತಿದ್ದೆ. ಹಿಂದಿನ ವರ್ಷ ನನಗೆ ಜ್ವರ ಬಂದಾಗ ಗೆಳೆಯ ತನ್ನ ಮಫ್ಲರು ತಂದುಕೊಟ್ಟಿದ್ದ. ನಾನು ಇನ್ನೂ ವಾಪಸು ಕೊಟ್ಟಿರಲಿಲ್ಲ. ಅಮ್ಮ ಕೇಳಿದಾಗಲೆಲ್ಲ ಒಗೆದು ಕೊಡಬೇಕು ಎನ್ನುತ್ತಿದ್ದೆ, ಒಗೆಯಲು ಹಾಕುತ್ತಿರಲಿಲ್ಲ. ಯಾಕೆ ಹಾಕುತ್ತಿಲ್ಲ ಎಂದು ನನ್ನನ್ನು ನಾನೇ ಕೇಳಿಕೊಂಡಿರಲಿಲ್ಲ. ಆ ಮಧ್ಯಾಹ್ನ ಕೇಳಿಕೊಂಡೆ.

ಅವನು ಯಾಕೆ ಈ ಪುಸ್ತಕ ಕೊಟ್ಟ, ಏನು ಕೇಳುತ್ತಿದ್ದಾನೆ ಎಂಬುದೂ ಆಗ ತಿಳಿಯಿತು. ಕೇಳಲು ಅವನಿಗೆ ಬೇರೆ ದಾರಿ ಇರಲಿಲ್ಲ. ಅಜ್ಜಿ ನನಗೆ ಸಾಲ ಕೇಳುವವನ ದನಿ, ಸೊಸೆಗೆ ಹೆದರುವ ಅತ್ತೆಯ ದನಿ, ಏನೆಲ್ಲ ಕಲಿಸಿದ್ದಳು. ಇದನ್ನು ಹೇಳುವ ದನಿ ನಮ್ಮ ಮನೆಯಲ್ಲಿ ಯಾರ ಬಾಯಲ್ಲೂ ನಾನು ಕೇಳಿರಲಿಲ್ಲ.

ಪೆನ್ಸಿಲು ಹಿಡಿದು ಕೂತೆ. ರಫ್ ಕಾಗದದ ಮೇಲೆ ನಾಲ್ಕೈದು ಸಲ ಬರೆದು ಹರಿದೆ. ಕೊನೆಗೆ ಉಳಿದದ್ದು ಎರಡೇ ಸಾಲು: "ಈ ಕಥೆಯಲ್ಲಿ ಸುಳ್ಳಿಲ್ಲ. ನನಗೆ ಗೊತ್ತು." ಅದನ್ನು ಪುಸ್ತಕದ ಹಾಳೆಗೆ ಇಳಿಸಬೇಕು, ಕೆಳಗೆ ಏಳು ಎಂದು ಹಾಕಬೇಕು. ನಾಲ್ಕು ಕ್ರಾಸಿನ ಜನ ಓದುತ್ತಾರೆ. ದೊಡ್ಡಪ್ಪ ಓದುತ್ತಾರೆ. ಅಮ್ಮನನ್ನು ಅಡಿಗೆಮನೆಯಿಂದ ಕರೆದು ಕೇಳುತ್ತಾರೆ. ಕೈ ಓಡಲಿಲ್ಲ. ನಾಳೆ ಬರೆದರಾಯಿತು ಎಂದು ಎತ್ತಿಟ್ಟೆ. ಹೀಗೆ ಮೂರು ದಿನ ಕಳೆಯಿತು.

ನಾಲ್ಕನೇ ದಿನ ಸಂಜೆ ಐದರ ಹೊತ್ತಿಗೆ ಲೈಬ್ರರಿಯಲ್ಲಿ ನಾಲ್ಕು ಜನ ಸೇರಿದ್ದರು. ದೊಡ್ಡಪ್ಪ ರಿಜಿಸ್ಟರು ನೋಡುತ್ತಿದ್ದವರು ತಲೆಯೆತ್ತಿದರು.

"ಏನಪ್ಪಾ, ಆ ಪುಸ್ತಕ ನಿನ್ನ ಹತ್ರಾನೇ ಇದೆಯಲ್ಲ. ಎಲ್ಲದಕ್ಕೂ ಉದ್ದುದ್ದ ಬರೀತೀಯ, ಇದಕ್ಕೇನೂ ಇಲ್ಲ?"

"ಬರೀತೀನಿ ದೊಡ್ಡಪ್ಪ."

"ಈಗ್ಲೇ ಬರೀಲಿ ಸಾರ್," ಎಂದರು ಮಿಲ್ಲಿನ ಗುಮಾಸ್ತರು. "ಏಳನೇ ನಂಬರ್ ಏನಂತಾರೆ ನೋಡ್ಬೇಕು ನಾವು."

ಟೈಲರು ಬಾಗಿಲಿಗೆ ಒರಗಿ ನಿಂತಿದ್ದರು. "ಮೂರು ದಿನದಿಂದ ಬರೆದಿಲ್ಲ ಅಂದ್ರೆ ಮನಸ್ಸಿಗೆ ಹಿಡಿಸಿಬಿಟ್ಟಿದೆ ಅಂತ ಕಾಣುತ್ತೆ. ಹುಷಾರಾಗಿರಿ ಮೇಷ್ಟ್ರೇ."

"ಏನ್ರೀ ನೀವು," ಎಂದರು ಎದುರು ಮನೆಯಾಕೆ. "ಪಾಪ, ಇಬ್ಬರು ಸ್ನೇಹಿತರ ಕಥೆ ಅದು."

"ಸ್ನೇಹಿತರಾ? ಅಮ್ಮಾ, ನೀವು ಮೊದಲು ಕನ್ನಡಕ ಬದಲಾಯಿಸಿ."

ಎಲ್ಲರೂ ನಕ್ಕರು. ನಕ್ಕು ನನ್ನ ಕಡೆ ತಿರುಗಿದರು. ಆ ನೋಟ ನನಗೆ ಚಿಕ್ಕಂದಿನಿಂದ ಗೊತ್ತು. ಈಗ ಇವನು ಏನೋ ಅಂತಾನೆ, ನಾವು ನಗ್ತೀವಿ ಎನ್ನುವ ನೋಟ. ದೊಡ್ಡಪ್ಪನೂ ಹಾಗೇ ನೋಡುತ್ತಿದ್ದರು. ಒಳಗಿನಿಂದ ಪುಸ್ತಕ ತಂದೆ. ಪೆನ್ಸಿಲು ಮೇಜಿನ ಮೇಲೇ ಇತ್ತು. ನಾನು ನಿಂತಲ್ಲೇ ಬಗ್ಗಿ ಬರೆದೆ. ಕೈ ಒಂದು ಸಲವೂ ತಡೆಯಲಿಲ್ಲ:

"ಇಬ್ಬರು ಗಂಡುಹುಡುಗರು ಕೆರೆ ಏರಿಯ ಮೇಲೆ ಕೂತು ನೂರಾ ಎಂಬತ್ತು ಪುಟ ಅಳುತ್ತಾರೆ. ಕೆರೆ ತುಂಬಿದ್ದು ಮಳೆಯಿಂದಲ್ಲ ಎಂದು ಕೊನೆಗೆ ನಮಗೆ ಗೊತ್ತಾಗುತ್ತದೆ. ಇದು ಪ್ರೀತಿಯೂ ಅಲ್ಲ, ಸ್ನೇಹವೂ ಅಲ್ಲ, ಹೊಟ್ಟೆ ಕೆಟ್ಟಿರುವುದು. ಇಬ್ಬರಿಗೂ ಬೆಳಗ್ಗೆ ಎದ್ದ ಕೂಡಲೇ ಎರಡೆರಡು ಚಮಚ ಹರಳೆಣ್ಣೆ ಕುಡಿಸಿದ್ದರೆ ಲೇಖಕರಿಗೆ ಕಾಗದ ಉಳಿಯುತ್ತಿತ್ತು. ನಂ. ೭."

ಗುಮಾಸ್ತರು ಅದನ್ನು ಕಸಿದುಕೊಂಡು ಗಟ್ಟಿಯಾಗಿ ಓದಿದರು. ಹರಳೆಣ್ಣೆಯ ಹತ್ತಿರ ಬರುವಷ್ಟರಲ್ಲಿ ಅವರಿಗೇ ನಗು ತಡೆಯಲಾಗದೆ ಎದುರು ಮನೆಯಾಕೆ ಮುಂದುವರಿಸಿದರು. ದೊಡ್ಡಪ್ಪ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ಒಳಗಿನಿಂದ ಅಜ್ಜಿ "ಏನೋ ಅದು, ನನಗೂ ಹೇಳ್ರೋ" ಎಂದು ಕೂಗಿದಳು. ನಾನೇ ಹೋಗಿ ಅವಳಿಗೂ ಹೇಳಿದೆ. ಅವಳೂ ನಕ್ಕಳು.

ಅವರು ಕೆಟ್ಟವರಲ್ಲ. ಈ ಮಾತನ್ನು ನಾನು ಪೂರ್ತಿ ನಂಬಿ ಬರೆಯುತ್ತಿದ್ದೇನೆ. ಎದುರು ಮನೆಯಾಕೆ ನನಗೆ ಪರೀಕ್ಷೆಯ ದಿನ ಹರಕೆ ಹೊತ್ತವರು. ಅವರ ಮುಂದೆ ನಾನು ನನ್ನ ಎರಡು ಸಾಲು ಬರೆದಿದ್ದರೆ ಏನಾಗುತ್ತಿತ್ತೋ ನನಗೆ ಗೊತ್ತಿಲ್ಲ. ಗೊತ್ತುಮಾಡಿಕೊಳ್ಳಲು ನಾನು ಬಿಡಲೇ ಇಲ್ಲ.

ಗೆಳೆಯ ಮಾರನೆಯ ದಿನ ಬಂದ. ಪುಸ್ತಕ ಬೀರುವಿಗೆ ಹೋಗಿತ್ತು. ತಾನೇ ತೆಗೆದುಕೊಂಡ. ದೊಡ್ಡಪ್ಪ "ನೋಡಪ್ಪಾ, ನಿನ್ನ ಸ್ನೇಹಿತ ಬರೆದಿದಾನೆ, ಓದು" ಎಂದರು. ಅವನು ಕಿಟಕಿಯ ಹತ್ತಿರ ನಿಂತು ಓದಿದ. ನಾನು ಅಂಟಿನ ಡಬ್ಬದೊಳಗೆ ಕಡ್ಡಿ ತಿರುಗಿಸುತ್ತ ಕೂತಿದ್ದೆ. ಅವನು ಬೇಗ ಓದಿ ಮುಗಿಸಬಹುದಾದಷ್ಟೇ ಇತ್ತು ಅದು. ಆದರೆ ತುಂಬ ಹೊತ್ತು ಅದನ್ನೇ ನೋಡುತ್ತಿದ್ದ. ಆಮೇಲೆ ಮುಖದಲ್ಲಿ ಒಂದು ನಗು ತಂದುಕೊಂಡ. ಹೆಗಲು ಅಲುಗಲಿಲ್ಲ.

"ಪೆನ್ಸಿಲ್ ಕೊಡಿ ಸಾರ್" ಎಂದ. ನನ್ನ ಬರಹದ ಕೆಳಗೆ ಬರೆದು, ನಂಬರು ಹಾಕಿ, ಪುಸ್ತಕವನ್ನು ದೊಡ್ಡಪ್ಪನ ಕೈಗೆ ಕೊಟ್ಟು, "ಬರ್ತೀನಿ ಸಾರ್" ಎಂದು ಹೊರಟುಹೋದ. ದೊಡ್ಡಪ್ಪ ಓದಿದರು: "ನಂ. ೭ ಹೇಳಿದ್ದೇ ಸರಿ." ಓದಿ, "ಪರವಾಗಿಲ್ಲ, ಈಗಿನ ಹುಡುಗರಿಗೂ ಬುದ್ಧಿ ಇದೆ" ಎಂದರು.

ಅಂದು ಸಂಜೆ ಪೈಪುಗಳ ಹತ್ತಿರ ಹೋಗಿ ಕಾದೆ. ಅವನು ಬರಲಿಲ್ಲ. ಮಾರನೆಯ ದಿನವೂ ಬರಲಿಲ್ಲ. ಕಾಲೇಜಿನಲ್ಲಿ ಸಿಕ್ಕಿದಾಗ ಮಾತಾಡಿದ, ಪ್ರಶ್ನೆಪತ್ರಿಕೆಯ ವಿಷಯ, ಬಸ್ಸಿನ ವಿಷಯ. ಮೊದಲಿಗಿಂತ ಹೆಚ್ಚು ಮರ್ಯಾದೆಯಾಗಿ ಮಾತಾಡಿದ. ನಾನು ಏನಾದರೂ ಹೇಳಿದರೆ ತಕ್ಷಣ ನಗುತ್ತಿದ್ದ, ಹೇಳಿ ಮುಗಿಸುವ ಮೊದಲೇ.

ಒಂದು ವಾರ ಹೀಗೆ ಕಳೆದ ಮೇಲೆ, ದೊಡ್ಡಪ್ಪ ಸ್ನಾನಕ್ಕೆ ಹೋಗಿದ್ದ ಹೊತ್ತಿನಲ್ಲಿ ಪುಸ್ತಕ ತೆಗೆದೆ. ನಾನು ಬರೆದದ್ದನ್ನು ಅಳಿಸುವಂತಿರಲಿಲ್ಲ. ನಂಬರು ಹಾಕಿದ್ದನ್ನು ಅಳಿಸಿದರೆ ದೊಡ್ಡಪ್ಪ ಕಂಡುಹಿಡಿದು ಯಾರು, ಯಾಕೆ ಎಂದು ಎಲ್ಲರನ್ನೂ ವಿಚಾರಿಸುತ್ತಿದ್ದರು. ಅದಕ್ಕೇ ಕೊನೆಯ ಹಾಳೆಯ ಮೂಲೆಯಲ್ಲಿ, ಅಕ್ಷರ ಓರೆ ಮಾಡಿ, ನನ್ನ ಎರಡು ಸಾಲು ಬರೆದೆ. ಈ ಕಥೆಯಲ್ಲಿ ಸುಳ್ಳಿಲ್ಲ. ನನಗೆ ಗೊತ್ತು. ನಂಬರು ಹಾಕುವ ಜಾಗಕ್ಕೆ ಪೆನ್ಸಿಲಿನ ಮೊನೆ ತಾಗಿಸಿ, ಎತ್ತಿಬಿಟ್ಟೆ. ಅವನಿಗಂತೂ ನನ್ನ ಅಕ್ಷರ ತಿಳಿಯುತ್ತದೆ, ಬೇರೆಯವರಿಗೆ ಯಾಕೆ ತಿಳಿಯಬೇಕು ಎಂದುಕೊಂಡೆ.

ಕಾಲೇಜಿನಲ್ಲಿ ಅವನನ್ನು ಹಿಡಿದು ಹೇಳಿದೆ. "ಆ ಪುಸ್ತಕಾನ ಇನ್ನೊಂದ್ ಸಲ ನೋಡು."

"ಯಾವ ಪುಸ್ತಕ?"

"ಅದೇ ಕಣೋ. ಹಿಂದಿನ ಹಾಳೆ ನೋಡು. ಕೊನೇದು."

ಅವನು ನನ್ನ ಮುಖ ನೋಡಿದ. ಬರುತ್ತಾನೋ ಇಲ್ಲವೋ ಎಂದು ಎರಡು ದಿನ ಒದ್ದಾಡಿದೆ. ಮೂರನೇ ದಿನ ಬಂದ, ಹೆಚ್ಚುಕಡಿಮೆ ಓಡುತ್ತಲೇ ಬಂದ ಎಂದು ಈಗ ಅನ್ನಿಸುತ್ತದೆ. ಹಣೆಯಲ್ಲಿ ಬೆವರಿತ್ತು. ಬೀರುವಿನಿಂದ ಪುಸ್ತಕ ತೆಗೆದು ಕೊನೆಯ ಹಾಳೆ ತಿರುವಿದ. ಹಿಂದೆ ಮುಂದೆ ತಿರುವಿದ. ಬೆಳಕಿಗೆ ಹಿಡಿದ.

"ಇಲ್ಲಿ ಯಾರೋ ಏನೋ ಬರೆದು ಅಳಿಸಿದ ಹಾಗಿದೆ ಸಾರ್."

"ಯಾರೋ ಅಳಿಸಿದ್ದಲ್ಲ, ನಾನೇ ಉಜ್ಜಿದ್ದು," ಎಂದರು ದೊಡ್ಡಪ್ಪ.

"ಏನ್ ಬರೆದಿತ್ತು?"

"ಯಾರು ಓದಿದ್ರು ಅದನ್ನ? ನಂಬರ್ ಇದೆಯಾ ಅಂತ ನೋಡ್ದೆ. ಇರಲಿಲ್ಲ. ಉಜ್ಜಿದೆ. ಹೆಸರು ಹೇಳೋಕೆ ಧೈರ್ಯ ಇಲ್ಲದವನ ಅಭಿಪ್ರಾಯ ಕಟ್ಕೊಂಡು ನಮಗೇನಾಗ್ಬೇಕು?"

ಗೆಳೆಯ ನನ್ನ ಕಡೆ ತಿರುಗಿದ. ದೊಡ್ಡಪ್ಪ ಮೇಜಿನ ಹಿಂದೆ, ಅಜ್ಜಿ ಹೊಸಿಲ ಮೇಲೆ, ನಾನು ನೆಲದ ಮೇಲೆ ಹರಡಿದ ರಟ್ಟುಗಳ ನಡುವೆ. "ಏನೋ ಅದು?" ಎಂದು ಅವನು ಕೇಳಿದ, ಬಾಯಲ್ಲಿ ಹೇಳಬೇಡ ಎಂದಿದ್ದವನೇ ಕೇಳಿದ.

"ಏನಿಲ್ಲ" ಎಂದೆ. "ಯಾರೋ ಏನೋ ಬರೆದಿದ್ರು."

ಆ ಬೇಸಿಗೆಯಲ್ಲಿ ಗೆಳೆಯನ ತಂದೆ ಕೆಂಗೇರಿಯಲ್ಲಿ ನೆಂಟರೊಬ್ಬರ ಮನೆ ಖಾಲಿಯಿದೆಯೆಂದು ಸಂಸಾರ ಸಮೇತ ಅಲ್ಲಿಗೆ ಹೋದರು. ಪರೀಕ್ಷೆ ಮುಗಿದಿತ್ತು. ಹೋಗುವ ದಿನ ಹೇಳಲು ಅವನು ಬಂದಿದ್ದನಂತೆ, ನಾನು ಮನೆಯಲ್ಲಿರಲಿಲ್ಲ. ದೊಡ್ಡಪ್ಪನ ಹತ್ತಿರ ಸದಸ್ಯತ್ವ ರದ್ದು ಮಾಡಿಸಿ ಹೋಗಿದ್ದ.

ಎರಡು ತಿಂಗಳು ತಡೆದುಕೊಂಡೆ. ಆಮೇಲೆ ಒಂದು ಭಾನುವಾರ ಬೆಳಗ್ಗೆ ಮಾರ್ಕೆಟ್ಟಿಗೆ ಹೋಗಿ, ಬಸ್ಸು ಬದಲಿಸಿ, ಮೈಸೂರು ರಸ್ತೆ ಹಿಡಿದು ಕೆಂಗೇರಿಗೆ ಹೋದೆ. ದಾರಿಯುದ್ದಕ್ಕೂ ಏನು ಹೇಳಬೇಕೆಂದು ಬಾಯಿಪಾಠ ಮಾಡಿಕೊಂಡೆ. ಅವನ ತಾಯಿ ಬಾಗಿಲು ತೆಗೆದು, "ಬಾರಪ್ಪ, ಎಷ್ಟು ದಿನಾತು ನಿನ್ನ ನೋಡಿ, ನಮ್ಮನ್ನ ಮರತೇಬಿಟ್ಟಿದ್ದಿ" ಎಂದು ಕೂರಿಸಿ ಒಗ್ಗರಣೆ ಮಂಡಕ್ಕಿ ಕೊಟ್ಟರು. ಅವನು ತೆಳ್ಳಗಾಗಿದ್ದ. ಬ್ಯಾಂಕಿನ ಪರೀಕ್ಷೆಗೆ ಕಟ್ಟಿದ್ದೇನೆ ಎಂದ. ಅವನ ತಾಯಿಯ ಮುಂದೆ ನಾನು ಅಜ್ಜಿಯ ಎರಡು ಸುದ್ದಿ ಹೇಳಿದೆ. ಅವರು ಸೆರಗು ಬಾಯಿಗೆ ಹಿಡಿದು ನಕ್ಕರು. ಅವನೂ ನಕ್ಕ.

ಬಸ್ ಸ್ಟಾಪಿನವರೆಗೆ ಜೊತೆಗೆ ಬಂದ. ಬಿಸಿಲಿತ್ತು. ಸ್ಟಾಪಿನಲ್ಲಿ ತರಕಾರಿ ಬುಟ್ಟಿ ಇಟ್ಟುಕೊಂಡ ಒಬ್ಬ ಹೆಂಗಸು ಬಿಟ್ಟರೆ ಯಾರೂ ಇರಲಿಲ್ಲ. ನಾನು ಬಾಯಿಪಾಠ ಮಾಡಿದ್ದೆಲ್ಲ ಮರೆತುಹೋಯಿತು.

"ಆ ಪುಸ್ತಕದಲ್ಲಿ ಅಳಿಸಿತ್ತಲ್ಲ," ಎಂದೆ, "ಅದು ನಾನು ಬರೆದಿದ್ದು."

"ಹೌದಾ?"

"ಸುಳ್ಳಲ್ಲ ಅಂತ ಬರೆದಿದ್ದೆ. ಆ ಕಥೆ. ನನಗೆ ಗೊತ್ತು ಅಂತ ಬರೆದಿದ್ದೆ. ಮೊದಲು ಬರೆದಿದ್ದು ಅವರೆಲ್ಲ ನಿಂತಿದ್ರು ಅಂತ ಬರೆದಿದ್ದು ಕಣೋ. ಅದು ನಿಜ ಅಲ್ಲ. ನನಗೂ ಹಾಗೇ... ನಿನ್ನ ವಿಷಯದಲ್ಲಿ ನನಗೂ ಹಾಗೇ."

ಜೀವನದಲ್ಲಿ ಮೊದಲ ಸಲ ಒಂದು ಮಾತನ್ನು ತೊದಲಿ ಹೇಳಿದ್ದೆ. ಅವನು ರಸ್ತೆಯ ಕಡೆ ನೋಡುತ್ತ ಕೇಳಿಸಿಕೊಂಡ. ಆಮೇಲೆ ನನ್ನ ತೋಳಿನ ಮೇಲೆ ಕೈಯಿಟ್ಟ. ಹಿರಿಯರು ಚಿಕ್ಕವರನ್ನು ಸಮಾಧಾನ ಮಾಡುವಾಗ ಇಡುತ್ತಾರಲ್ಲ, ಹಾಗೆ.

"ನನಗೆ ಬೇಜಾರಾಗಿದೆ ಅಂತ ಯಾರು ಹೇಳಿದ್ರು ನಿನಗೆ?"

"ಯಾರೂ ಹೇಳಲಿಲ್ಲ. ನಾನು ನಿಜಾನೇ ಹೇಳ್ತಿದೀನಿ."

"ಇರ್ಲಿ ಬಿಡೋ. ನಿನ್ನನ್ನ ನಾನು ಚೆನ್ನಾಗಿ ಬಲ್ಲೆ. ನಿನಗೆ ಯಾರ ಮನಸ್ಸೂ ನೋಯಿಸಿ ಇರಕ್ಕಾಗಲ್ಲ. ಯಾರಿಗೆ ಏನು ಕೇಳಿದ್ರೆ ಸಮಾಧಾನ ಆಗುತ್ತೋ ಅದನ್ನ ಹೇಳ್ತೀಯ. ಈಗ ನಮ್ಮಮ್ಮಂಗೆ ಹೇಳಿದ್ಯಲ್ಲ, ಹಾಗೆ."

"ಹಾಗಲ್ಲ ಕಣೋ."

"ಅಲ್ಲಿ ಬರೆದಿದ್ದೇ ಒಳ್ಳೇದಾಯ್ತು. ನಾನು ಏನೇನೋ ಅಂದ್ಕೊಂಡಿದ್ದೆ. ಇದು ನನ್ನೊಬ್ಬನದೇ ಅಂತ ಗೊತ್ತಾಯ್ತು. ಗೊತ್ತಾದ್ ಮೇಲೆ ನಾನು ಬಹಳ ಕಷ್ಟಪಟ್ಟು ಒಂದು ಕಡೆ ಬಂದು ನಿಂತಿದೀನಿ." ಅವನ ದನಿ ಏರಲಿಲ್ಲ. "ಈಗ ನೀನು ಅಯ್ಯೋ ಪಾಪ ಅಂತ ಬಂದು ಹೀಗೆಲ್ಲ ಹೇಳ್ಬೇಡ. ನನಗೆ ಮತ್ತೆ ಮೊದಲಿಂದ ಆಗಲ್ಲ."

ನಾನು ಆಣೆ ಇಟ್ಟೆ. ಅವನು ತಲೆಯಾಡಿಸಿದ. ನನ್ನ ಮಾತು ಎಲ್ಲಿ ಹೋದರೂ ನಡೆಯುತ್ತಿತ್ತು, ಯಾರನ್ನು ಬೇಕಾದರೂ ನಂಬಿಸುತ್ತಿದ್ದೆ. ಅದನ್ನೆಲ್ಲ ಪಕ್ಕದಲ್ಲಿ ಕೂತು ಏಳೆಂಟು ವರ್ಷ ನೋಡಿದವನು ಅವನು. ಈ ಒಂದು ಸಲ ನಾನು ಯಾರನ್ನೂ ನಂಬಿಸಲು ಹೊರಟಿಲ್ಲ ಎಂದು ಅವನಿಗೆ ಹೇಗೆ ತೋರಿಸಬೇಕೆಂದು ನನಗೆ ತಿಳಿಯಲಿಲ್ಲ. ಹೇಳುತ್ತ ಹೋದಷ್ಟೂ ಅದು ನನ್ನ ಹಳೆಯ ಮಾತುಗಾರಿಕೆಯ ಹಾಗೇ ಕೇಳಿಸುತ್ತಿದೆ ಎಂಬುದು ನನಗೇ ಗೊತ್ತಾಗುತ್ತಿತ್ತು. ಸುಮ್ಮನಾದೆ. ಸುಮ್ಮನಾದದ್ದನ್ನು ಅವನು ಒಪ್ಪಿಗೆಯೆಂದು ತಿಳಿದನೋ ಏನೋ, ತೋಳಿನ ಮೇಲಿಂದ ಕೈ ತೆಗೆದ.

ಬಸ್ಸು ಬಂತು. ತರಕಾರಿಯ ಹೆಂಗಸು ಬುಟ್ಟಿ ಎತ್ತಿಕೊಡಿ ಎಂದಳು. ಅವನು ಒಂದು ಕಡೆ, ನಾನು ಒಂದು ಕಡೆ ಹಿಡಿದು ಎತ್ತಿಟ್ಟೆವು. ನಾನು ಮೆಟ್ಟಿಲು ಹತ್ತಿದ ಮೇಲೆ ಅವನು ಕೆಳಗಿನಿಂದ ಹೇಳಿದ: "ಇನ್ನ ಬರಬೇಡ ಕಣೋ. ಅಮ್ಮ ಕೇಳಿದ್ರೆ ನಾನೇ ಏನಾದ್ರೂ ಹೇಳ್ಕೋತೀನಿ."

ಕಂಡಕ್ಟರು ಎಲ್ಲಿಗೆ ಎಂದು ಕೇಳಿದ. ಮಾರ್ಕೆಟ್ಟು ಎಂದೆ. ಕಿಟಕಿಯ ಪಕ್ಕದ ಸೀಟು ಖಾಲಿಯಿತ್ತು, ಕೂತೆ. ಅವನು ಸ್ಟಾಪಿನಲ್ಲಿ ನಿಲ್ಲದೆ ಆಗಲೇ ಮನೆಯ ಕಡೆ ನಡೆಯತೊಡಗಿದ್ದ. ಬಸ್ಸು ತಿರುಗುವವರೆಗೂ ಬೆನ್ನು ಕಾಣಿಸುತ್ತಿತ್ತು. ಅವನು ಹೇಳಿದಂತೆಯೇ ನಾನು ಮತ್ತೆ ಹೋಗಲಿಲ್ಲ.